ಕಪ್ಪು ನೆಲದ ಒಳಹಸಿವು

ವಿಜಯಪುರ, ಬಾಗಲಕೋಟೆ, ರಾಯಚೂರು ಸೀಮೆಗಳಲ್ಲಿ ಹೊಲದ ಬೆಲೆ ಕಟ್ಟುವಾಗ ಎಷ್ಟು ಎಕರೆ ಎಂಬ ಪ್ರಶ್ನೆಯ ಬೆನ್ನಿಗೇ ಬರುವುದು, ಎಂಥ ನೆಲ ಎಂಬ ಪ್ರಶ್ನೆ. ಎರೆಯೋ, ಮಸಾರಿಯೋ, ಗರಸೋ, ಮಡ್ಡಿಯೋ, ಸವಳೋ? ಎರೆ ಎಂದರೆ ಕಪ್ಪು ಜಿಗುಟು ಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಚಕ್ಕಡಿಯ ಗಾಲಿ ಹೂತುಹೋಗುತ್ತದೆ. ಮಸಾರಿ ಕೆಂಪು ಬಣ್ಣದ ಹಗುರ ನೆಲ. ಗರಸಿನಲ್ಲಿ ಹರಳುಕಲ್ಲು ಹೆಚ್ಚು. ಮಡ್ಡಿ ದಿಬ್ಬದ ಮೇಲಿನ ತೆಳುಮಣ್ಣು. ಸವಳಿನಲ್ಲಿ ಉಪ್ಪು ಬೆಳ್ಳಗೆ ಮೇಲೆದ್ದಿರುತ್ತದೆ, ಬಿತ್ತಿದ ಬೀಜ ಕೈಗೆ ಹತ್ತುವುದಿಲ್ಲ. ರಸಾಯನಶಾಸ್ತ್ರದ ಹೆಸರೂ ಕೇಳದ ಜನ ಈ ನೆಲಗಳನ್ನು ಕಣ್ಣಿನಿಂದ, ಕೈಯಿಂದ, ಬೆಳೆಯ ನೆನಪಿನಿಂದ ಬೇರೆ ಬೇರೆ ಮಾಡಿ ಹೆಸರಿಟ್ಟಿದ್ದಾರೆ. ಆ ಹೆಸರುಗಳು ಇಂದಿಗೂ ಸುಳ್ಳಾಗಿಲ್ಲ.

ಆದರೆ ಈ ಹೆಸರುಗಳು ಅಳೆದದ್ದು ಏನನ್ನು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಹಾಗೆ ನೋಡಿದರೆ ಅವು ಬಹುಮಟ್ಟಿಗೆ ನೀರಿನ ಲೆಕ್ಕ. ವರ್ಷಕ್ಕೆ 600 ಮಿಲಿಮೀಟರ್‌ ಮಳೆಯೂ ನೆಚ್ಚಿಕೆಯಿಂದ ಬೀಳದ ಸೀಮೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ನೆಲವೇ ಒಳ್ಳೆಯ ನೆಲ. ಎರೆ ಆಳವಾಗಿದ್ದಷ್ಟೂ ಮಳೆಯ ಹಸಿ ಕೆಳಗೆ ಉಳಿಯುತ್ತದೆ. ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು, ಹರಗಿ, ಹಸಿ ಕೂಡಿಸಿಟ್ಟು, ಸೆಪ್ಟೆಂಬರ್‌–ಅಕ್ಟೋಬರ್‌ ಹೊತ್ತಿಗೆ ಬಿಳಿಜೋಳ ಬಿತ್ತಿದರೆ ಮುಂದೆ ಒಂದು ಹನಿ ಬೀಳದಿದ್ದರೂ ತೆನೆ ಕಾಣಬಹುದು. ಡೋಣಿ ಹೊಳೆಯ ಸಾಲಿನ ನೆಲ ಬೆಳೆದರೆ ಓಣಿಗೆಲ್ಲ ಜೋಳ ಎನ್ನುವ ಅರ್ಥದ ಮಾತು ವಿಜಯಪುರದ ಕಡೆ ಇದೆಯಷ್ಟೆ. ಅದು ಹೊಗಳುವುದು ಆ ಎರೆಯನ್ನೇ.

ಇಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟು ಕಪ್ಪು ನೆಲವೆಂದರೆ ಸಾರವತ್ತಾದ ನೆಲ ಎಂದು ನಂಬಿದ್ದೂ ಸಹಜವೇ. ಶಾಲಾ ಪುಸ್ತಕಗಳೂ ಅದನ್ನೇ ಹೇಳಿಕೊಂಡು ಬಂದವು. ಪ್ರಯೋಗಾಲಯದ ಉತ್ತರ ಮಾತ್ರ ಬೇರೆ. ಮಣ್ಣಿನಲ್ಲಿ ಕೊಳೆತ ಎಲೆ, ಬೇರು, ಸಗಣಿಯಿಂದ ಸೇರುವ ಸಾವಯವ ಇಂಗಾಲ ಎಷ್ಟಿದೆ ಎಂಬುದು ಸಾರದ ಮೊದಲ ಅಳತೆ. ನಮ್ಮ ದೇಶದ ಮಣ್ಣು ಪರೀಕ್ಷೆಯ ಲೆಕ್ಕದಲ್ಲಿ ಅದು ಶೇಕಡಾ 0.75ಕ್ಕಿಂತ ಹೆಚ್ಚಿದ್ದರೆ ಉತ್ತಮ, 0.5ಕ್ಕಿಂತ ಕಡಿಮೆಯಿದ್ದರೆ ಕನಿಷ್ಠ. ಒಣ ಸೀಮೆಯ ಎಷ್ಟೋ ಎರೆ ಹೊಲಗಳು ಈ ಅರ್ಧದ ಗೆರೆಯನ್ನೂ ಮುಟ್ಟುವುದಿಲ್ಲ. ಹಾಗಾದರೆ ಆ ಕಪ್ಪು ಎಲ್ಲಿಂದ ಬಂತು? ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡ ಅಲ್ಪಸ್ವಲ್ಪ ಇಂಗಾಲವೇ ಸಾಕು, ಇಡೀ ಮಣ್ಣಿಗೆ ಕಪ್ಪು ಬಳಿಯಲು. ಬಣ್ಣ ಗಾಢವಾಗಿದೆ ಎಂದ ಮಾತ್ರಕ್ಕೆ ಗೊಬ್ಬರ ಗಾಢವಾಗಿದೆ ಎಂದಲ್ಲ. ಬಿಸಿಲ ನಾಡಿನಲ್ಲಿ ಮಣ್ಣಿಗೆ ಸೇರಿದ ಕಸಕಡ್ಡಿ ಬಹುಬೇಗ ಕರಗಿ ಗಾಳಿಗೆ ಹೋಗುತ್ತದೆ. ಹರಗಿದಷ್ಟೂ ಇನ್ನೂ ಬೇಗ.

ಎರಡನೆಯ ತೊಡಕು ಸುಣ್ಣ. ಎರೆ ಹೊಲದಲ್ಲಿ ಅಗೆದರೆ ಬಿಳಿಯ ಸುಣ್ಣದ ಹರಳು ಸಿಗುವುದನ್ನು ನೋಡದ ರೈತನಿಲ್ಲ. ಈ ಸುಣ್ಣದಿಂದಾಗಿ ಮಣ್ಣಿನ ರಸಸಾರ ಅನೇಕ ಕಡೆ ಎಂಟನ್ನು ದಾಟಿರುತ್ತದೆ. ಏಳು ಎಂದರೆ ಸಮ, ಅದರ ಮೇಲೆ ಹೋದಂತೆಲ್ಲ ಕ್ಷಾರ. ಅಂಥ ನೆಲಕ್ಕೆ ಹಾಕಿದ ರಂಜಕ ಸುಣ್ಣದ ಜೊತೆ ಕೂಡಿ ಗಟ್ಟಿಯಾಗಿ ಕೂತುಬಿಡುತ್ತದೆ. ಸತು, ಕಬ್ಬಿಣಗಳ ಗತಿಯೂ ಅದೇ. ಪೊಟ್ಯಾಷ್‌ ಒಂದು ಈ ನೆಲದಲ್ಲಿ ಸಾಮಾನ್ಯವಾಗಿ ಧಾರಾಳ. ಉಳಿದವು ಇವೆ, ಆದರೆ ಬೇರಿಗೆ ಎಟುಕುವುದಿಲ್ಲ. ಪೆಟ್ಟಿಗೆಯಲ್ಲಿ ಹಣವಿದ್ದು ಕೀಲಿ ಕೈ ಕಳೆದುಹೋದ ಮನೆಯ ಹಾಗೆ.

ಮಣ್ಣು ಪರೀಕ್ಷೆ ಎಂಬ ವಿದ್ಯೆಯ ಮರ್ಮ ಇರುವುದು ಇಲ್ಲಿಯೇ. ಮಣ್ಣಿನಲ್ಲಿ ಒಟ್ಟು ಎಷ್ಟು ಸಾರಜನಕ, ಎಷ್ಟು ರಂಜಕ ಇದೆ ಎಂದು ತಿಳಿಯುವುದು ಹಳೆಯ ರಸಾಯನಶಾಸ್ತ್ರಕ್ಕೂ ಕಷ್ಟವಾಗಿರಲಿಲ್ಲ. ತೀಕ್ಷ್ಣವಾದ ಆಮ್ಲದಲ್ಲಿ ಮಣ್ಣನ್ನು ಕುದಿಸಿದರೆ ಅದು ಒಳಗಿರುವುದನ್ನೆಲ್ಲ ಒಪ್ಪಿಸಿಬಿಡುತ್ತದೆ. ಆದರೆ ಜೋಳದ ಬೇರು ಆಮ್ಲ ಕುದಿಸುವುದಿಲ್ಲ. ಅದು ನೂರು ನೂರಿಪ್ಪತ್ತು ದಿನಗಳಲ್ಲಿ ಎಷ್ಟನ್ನು ಹೀರಬಲ್ಲದು ಎಂಬುದೇ ರೈತನಿಗೆ ಬೇಕಾದ ಅಂಕಿ. ಬೇರಿನ ಶಕ್ತಿಯನ್ನು ಅನುಕರಿಸುವ, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ದ್ರಾವಣ ಹುಡುಕುವುದರಲ್ಲಿಯೇ ಈ ಶಾಸ್ತ್ರದ ಬಹುಪಾಲು ಬೆವರು ಹರಿದಿದೆ.

ಭಾರತದ ಮಟ್ಟಿಗೆ ಈ ಕಥೆ 19ನೆಯ ಶತಮಾನದ ಕೊನೆಯ ದಶಕಕ್ಕೆ ಹೋಗುತ್ತದೆ. ಇಂಗ್ಲೆಂಡಿನ ರಾಯಲ್‌ ಅಗ್ರಿಕಲ್ಚರಲ್‌ ಸೊಸೈಟಿಯ ರಸಾಯನತಜ್ಞ ಜಾನ್‌ ಅಗಸ್ಟಸ್‌ ವೋಲ್ಕರ್‌ 1889ರಲ್ಲಿ ಇಲ್ಲಿಗೆ ಬಂದು, ದೇಶ ಸುತ್ತಿ, 1893ರಲ್ಲಿ ಭಾರತದ ಕೃಷಿಯ ಸುಧಾರಣೆಯನ್ನು ಕುರಿತ ವರದಿ ಪ್ರಕಟಿಸಿದರು. ಇಲ್ಲಿನ ರೈತನಿಗೆ ಬೇಸಾಯ ಕಲಿಸಲು ಹೊರಟವರಿಗೆ ಆ ವರದಿ ಸ್ವಲ್ಪ ಮುಜುಗರ ತಂದಿರಬೇಕು. ರೈತ ದಡ್ಡನಲ್ಲ, ಅವನಿಗೆ ಗೊಬ್ಬರವಿಲ್ಲ ಎಂಬುದೇ ವೋಲ್ಕರ್‌ ಕಂಡ ಸಂಗತಿ. ಸೌದೆ ಇಲ್ಲದ ಊರುಗಳಲ್ಲಿ ಸಗಣಿ ಹೊಲಕ್ಕೆ ಹೋಗುವ ಬದಲು ಬೆರಣಿಯಾಗಿ ಒಲೆಗೆ ಹೋಗುತ್ತಿದೆ ಎಂದು ಅವರು ಒತ್ತಿ ಹೇಳಿದರು. ಮರವೇ ಅಪರೂಪವಾದ ಎರೆ ಬಯಲಿಗೆ ಇದಕ್ಕಿಂತ ಹೊಂದುವ ಮಾತಿಲ್ಲ.

ಮೈಸೂರು ಸಂಸ್ಥಾನ ಇದೇ ಕಾಲದಲ್ಲಿ ಎಚ್ಚೆತ್ತಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು ಪ್ರಾಯೋಗಿಕ ಕೃಷಿ ಕೇಂದ್ರಕ್ಕೆ ಅಡಿಪಾಯ ಹಾಕಿದರು. ಮಣ್ಣು ಮತ್ತು ಬೆಳೆಗಳ ಪರೀಕ್ಷೆಗಾಗಿ ಡಾ. ಅಡಾಲ್ಫ್‌ ಲೇಮನ್‌ ಎಂಬ ರಸಾಯನತಜ್ಞರನ್ನು ಕರೆಸಲಾಯಿತು. ಆದರೆ ಬಯಲುಸೀಮೆಯ ನಿಜವಾದ ಒಣನಾಡು ಆಗ ಮುಂಬಯಿ, ಮದರಾಸು, ಹೈದರಾಬಾದು ಆಡಳಿತಗಳಲ್ಲಿ ಹಂಚಿಹೋಗಿತ್ತು. ಅಲ್ಲಿಗೆ ವ್ಯವಸ್ಥಿತ ಸಂಶೋಧನೆ ಕಾಲಿಟ್ಟದ್ದು ಮೂವತ್ತರ ದಶಕದಲ್ಲಿ. 1933ರಿಂದ 1935ರೊಳಗೆ ಸೊಲ್ಲಾಪುರ, ವಿಜಯಪುರ, ಬಳ್ಳಾರಿ ಹತ್ತಿರದ ಹಗರಿ, ರಾಯಚೂರು, ಪಂಜಾಬಿನ (ಈಗ ಹರಿಯಾಣದ) ರೋಹ್ಟಕ್‌, ಈ ಐದು ಕಡೆ ಒಣ ಬೇಸಾಯದ ಕೇಂದ್ರಗಳು ಎದ್ದವು. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ ಎಂಬುದೇ ಈ ನಾಡು ಎಷ್ಟು ಒಣಗಿದ ನಾಡು ಎಂಬುದಕ್ಕೆ ಸಾಕ್ಷಿ.

ಆ ಕೇಂದ್ರಗಳ ಚಿಂತೆಯೆಲ್ಲ ನೀರು. ಒಡ್ಡು ಹಾಕುವುದು, ಆಳವಾಗಿ ಉಳುವುದು, ಬೀಜ ಕಡಿಮೆ ಮಾಡಿ ಸಾಲುಗಳ ನಡುವೆ ಅಂತರ ಬಿಡುವುದು, ಎಡೆ ಹೊಡೆದು ಬಿರುಕು ಮುಚ್ಚುವುದು. ಬರ ಬಿದ್ದು ಜನ ಗುಳೆ ಹೋಗುತ್ತಿದ್ದ ಕಾಲದಲ್ಲಿ ಬೇರೆ ಏನನ್ನು ಯೋಚಿಸಲು ಸಾಧ್ಯವಿತ್ತು? ಆದರೂ ಒಣ ಹೊಲದ ಕಾಯಿಲೆ ಬಾಯಾರಿಕೆ ಮಾತ್ರ ಎಂಬ ತಿಳಿವಳಿಕೆ ಅಲ್ಲಿಂದಲೇ ಗಟ್ಟಿಯಾಗಿ ಬೇರೂರಿತೆನ್ನಬೇಕು. ಹಸಿವಿನ ಮಾತು ಹಿಂದೆ ಬಿತ್ತು.

ಸ್ವಾತಂತ್ರ್ಯದ ನಂತರ, 1955–56ರ ಸುಮಾರಿಗೆ, ದೇಶದಲ್ಲಿ ಮಣ್ಣು ಪರೀಕ್ಷಾ ಪ್ರಯೋಗಾಲಯಗಳ ಜಾಲ ಆರಂಭವಾಯಿತು. ವಿಧಾನಗಳೂ ಆ ಹೊತ್ತಿಗೆ ಕೈಗೆ ಬಂದಿದ್ದವು. ಸುಣ್ಣದ ನೆಲದಲ್ಲಿ ಬೇರಿಗೆ ದಕ್ಕುವ ರಂಜಕವನ್ನು ಅಳೆಯುವುದು ದೊಡ್ಡ ಸಮಸ್ಯೆಯಾಗಿತ್ತು. ಆಮ್ಲ ಹಾಕಿದರೆ ಸುಣ್ಣವೇ ಅದನ್ನು ನುಂಗಿಬಿಡುತ್ತದೆ, ಉತ್ತರ ತಪ್ಪುತ್ತದೆ. ಅಮೆರಿಕದ ಕೊಲರಾಡೊದಲ್ಲಿ, ಅದೂ ಮಳೆ ಕಡಿಮೆಯ ಸುಣ್ಣದ ನಾಡೇ, ಸ್ಟರ್ಲಿಂಗ್‌ ಓಲ್ಸೆನ್‌ ಮತ್ತು ಸಂಗಡಿಗರು 1954ರಲ್ಲಿ ಸೋಡಿಯಂ ಬೈಕಾರ್ಬೊನೇಟ್‌ ದ್ರಾವಣ ಬಳಸಿ ಇದಕ್ಕೆ ಪರಿಹಾರ ಕಂಡರು. ಅಡುಗೆಮನೆಯ ಸೋಡಾಪುಡಿಯೇ ಈ ಬೈಕಾರ್ಬೊನೇಟ್‌. ಸಾರಜನಕದ ಸುಲಭ ಪರೀಕ್ಷೆಯನ್ನು ರೂಪಿಸಿದವರು ನಮ್ಮವರೇ, ಸುಬ್ಬಯ್ಯ ಮತ್ತು ಆಸಿಜಾ. ಅವರ ಎರಡು ಪುಟದ ಲೇಖನ 1956ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್‌ ಸೈನ್ಸ್‌' ಪತ್ರಿಕೆಯಲ್ಲಿ ಬಂತು. ಇಂದಿಗೂ ದೇಶದ ಪ್ರಯೋಗಾಲಯಗಳಲ್ಲಿ ಆ ವಿಧಾನ ನಡೆಯುತ್ತಿದೆ.

ಹೀಗೆ ಸಾರಜನಕ, ರಂಜಕ, ಪೊಟ್ಯಾಷ್‌ ಎಂಬ ಮೂವರ ಲೆಕ್ಕ ಸಿಕ್ಕಿತು. ಹಸಿರು ಕ್ರಾಂತಿಯ ಚೀಲಗಳಲ್ಲಿ ತುಂಬಿ ಬಂದದ್ದೂ ಇವರೇ. ಮಣ್ಣಿನ ಊಟವೆಂದರೆ ಇಷ್ಟೇ ಎಂಬಂತಾಯಿತು. ಗಿಡಕ್ಕೆ ಗ್ರಾಮುಗಳ ಲೆಕ್ಕದಲ್ಲಿ ಬೇಕಾಗುವ ಲಘು ಪೋಷಕಾಂಶಗಳನ್ನು ಯಾರೂ ಹೆಚ್ಚಾಗಿ ಕೇಳಲಿಲ್ಲ. 1966ರಲ್ಲಿ ಪಂತನಗರದಲ್ಲಿ ವೈ. ಎಲ್‌. ನೇನೆ ಭತ್ತದ 'ಖೈರಾ' ರೋಗಕ್ಕೆ ಕಾರಣ ಸತುವಿನ ಕೊರತೆ ಎಂದು ತೋರಿಸಿಕೊಟ್ಟಾಗ ಸ್ವಲ್ಪ ಗಮನ ಹರಿಯಿತು. ಆದರೆ ಅದು ನೀರಾವರಿ ಭತ್ತದ ಮಾತು. ಮಳೆ ನಂಬಿದ ಜೋಳ, ಸಜ್ಜೆ, ಶೇಂಗಾಗಳಿಗೆ ಸತು ಬೇಕಾದೀತೆಂದು ಊಹಿಸಿದವರು ವಿರಳ. ಅಷ್ಟೊಂದು ಬೆಳೆಯೇ ಬರದ ನೆಲದಲ್ಲಿ ತೀರಿಹೋಗುವುದಾದರೂ ಏನು ಎಂಬ ತರ್ಕ.

ಗಂಧಕದ ಕಥೆ ಈ ತರ್ಕದ ಪೊಳ್ಳನ್ನು ಬಯಲು ಮಾಡುತ್ತದೆ. ಮೊದಲು ರೈತರು ಬಳಸುತ್ತಿದ್ದ ರಸಗೊಬ್ಬರಗಳು ಅಮೋನಿಯಂ ಸಲ್ಫೇಟ್‌ ಮತ್ತು ಸೂಪರ್‌ ಫಾಸ್ಫೇಟ್‌. ಮೊದಲನೆಯದನ್ನು ಕೊಂಡದ್ದು ಸಾರಜನಕಕ್ಕಾಗಿ, ಎರಡನೆಯದನ್ನು ರಂಜಕಕ್ಕಾಗಿ. ಆದರೆ ಅಮೋನಿಯಂ ಸಲ್ಫೇಟಿನಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು, ಸೂಪರ್‌ ಫಾಸ್ಫೇಟಿನಲ್ಲಿ ಶೇಕಡಾ 11ರಷ್ಟು ಗಂಧಕವಿತ್ತು. ಯಾರೂ ಕೇಳದೆ, ಯಾರೂ ಬೆಲೆ ಕೊಡದೆ ಅದು ಹೊಲ ಸೇರುತ್ತಿತ್ತು. ಆಮೇಲೆ ಯೂರಿಯಾ ಬಂತು, ಡಿಎಪಿ ಬಂತು. ಚೀಲದ ಲೆಕ್ಕದಲ್ಲಿ ಇವು ಸತ್ವಶಾಲಿ, ಸಾಗಣೆಗೂ ಅಗ್ಗ. ಗಂಧಕ ಮಾತ್ರ ಇವುಗಳಲ್ಲಿ ಇಲ್ಲ. ಪುಕ್ಕಟೆ ಬರುತ್ತಿದ್ದುದು ನಿಂತುಹೋಯಿತು, ನಿಂತದ್ದು ಗೊತ್ತಾಗಲಿಲ್ಲ. ಎಣ್ಣೆಕಾಳುಗಳಿಗೆ ಗಂಧಕ ಇಲ್ಲದೆ ಎಣ್ಣೆ ಕೂಡುವುದಿಲ್ಲ. ಎಣ್ಣೆ ಗಿರಣಿಗಳಿಂದಲೇ ಹೆಸರಾದ ಚಳ್ಳಕೆರೆಯ ಸುತ್ತಿನ ಶೇಂಗಾ ಹೊಲಗಳಿಗೆ, ಬಳ್ಳಾರಿ ಕಡೆಯ ಸೂರ್ಯಕಾಂತಿಗೆ ಇದು ಸಣ್ಣ ವಿಷಯವಲ್ಲ. ಶೇಂಗಾಕ್ಕೆ ಜಿಪ್ಸಂ ಹಾಕಿ ಎಂದು ಕೃಷಿ ಇಲಾಖೆ ಹೇಳುವುದು ಸುಣ್ಣಾಂಶದ ಜೊತೆಗೆ ಈ ಗಂಧಕಕ್ಕಾಗಿಯೇ.

ಒಣ ಸೀಮೆಯ ಇಡೀ ಚಿತ್ರ ಒಮ್ಮೆಗೇ ಕಣ್ಣಿಗೆ ಬಿದ್ದದ್ದು ಕರ್ನಾಟಕ ಸರ್ಕಾರ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯಲ್ಲಿ. ಹೈದರಾಬಾದ್‌ ಬಳಿಯ ಪಟನ್‌ಚೆರುವಿನ ಇಕ್ರಿಸ್ಯಾಟ್‌ ಸಂಸ್ಥೆ ಇದಕ್ಕೆ ಹೆಗಲು ಕೊಟ್ಟಿತು. ಮಳೆಯಾಶ್ರಿತ ಬೆಳೆಗಳ ಇಳುವರಿಯನ್ನು ಶೇಕಡಾ 20ರಷ್ಟು ಏರಿಸುವುದು ಗುರಿ. ರಾಜ್ಯದ ಹಳ್ಳಿಹಳ್ಳಿಗಳಿಂದ ತಂದ 90 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಲಾಯಿತು. ಮಾದರಿ ತೆಗೆಯುವಾಗ ಇಳಿಜಾರಿನ ತಲೆ, ನಡು, ಬುಡ, ಮೂರೂ ಕಡೆಯ ಹೊಲಗಳು ಬರುವಂತೆ, ಸಣ್ಣ ಹಿಡುವಳಿದಾರರೂ ದೊಡ್ಡವರೂ ಸೇರುವಂತೆ ನೋಡಿಕೊಂಡರು. ಬಂದ ಉತ್ತರ ಅಚ್ಚರಿಯದು. ಅರ್ಧಕ್ಕಿಂತ ಹೆಚ್ಚು ಹೊಲಗಳಲ್ಲಿ ಗಂಧಕ ಸಾಲದು, ಸತು ಸಾಲದು, ಬೋರಾನ್‌ ಸಾಲದು. ಸಾವಯವ ಇಂಗಾಲವೂ ಅಷ್ಟೇ. ಎಲ್ಲರೂ ಸುರಿಯುತ್ತಿದ್ದ ರಂಜಕದ ಕೊರತೆ ಇದ್ದ ಹೊಲಗಳು ಅರ್ಧಕ್ಕಿಂತ ಕಡಿಮೆ! ಬೇಕಾದುದನ್ನು ಬಿಟ್ಟು ಬೇಡವಾದುದಕ್ಕೆ ಹಣ ಚೆಲ್ಲುತ್ತಿದ್ದ ರೈತರು ಸಾವಿರಗಟ್ಟಲೆ ಇದ್ದರು.

ಕೊರತೆ ತುಂಬಲು ಶಿಫಾರಸು ಮಾಡಿದ ಪ್ರಮಾಣವೂ ಗಮನಿಸುವಂಥದು. ಹೆಕ್ಟೇರಿಗೆ 30 ಕಿಲೊ ಗಂಧಕ, 10 ಕಿಲೊ ಸತು, ಬೋರಾನ್‌ ಬರೀ ಅರ್ಧ ಕಿಲೊ. ಎರಡೂವರೆ ಎಕರೆಗೆ ಅರ್ಧ ಕಿಲೊ! ಅಷ್ಟು ಸಣ್ಣ ಕೊರತೆ ಇಡೀ ಬೆಳೆಯನ್ನು ಹಿಡಿದು ನಿಲ್ಲಿಸಬಲ್ಲದು. ಕೊಡದ ಮೈಯಲ್ಲಿ ತೂತಿದ್ದರೆ ಬಾಯಿ ಎಷ್ಟೇ ಅಗಲವಾಗಿರಲಿ, ನೀರು ನಿಲ್ಲುವುದು ತೂತಿನವರೆಗೆ ಮಾತ್ರ. ಬೋರಾನ್‌ ಇಲ್ಲದ ಹೊಲದಲ್ಲಿ ಯೂರಿಯಾ ಹೆಚ್ಚಿಸುವುದು ಕೊಡದ ಬಾಯಿ ಅಗಲ ಮಾಡಿದಂತೆ.

ನೀರಿನ ವಿಷಯದಲ್ಲಿಯೂ ಇದರಿಂದ ಒಂದು ಪಾಠ ಸಿಕ್ಕಿತು. ಹೊಟ್ಟೆ ತುಂಬಿದ ಗಿಡ ಬೇಗ ಬೇರು ಇಳಿಸುತ್ತದೆ, ಬೇಗ ಎಲೆ ಹರಡಿ ನೆಲಕ್ಕೆ ನೆರಳು ಮಾಡುತ್ತದೆ. ಬಿಸಿಲಿಗೆ ಆರಿಹೋಗಬೇಕಾದ ಹಸಿ ಗಿಡದ ಮೂಲಕ ಹಾದು ಕಾಳಾಗುತ್ತದೆ. ಮಳೆ ಅಷ್ಟೇ, ಕಾಳು ಹೆಚ್ಚು. ಹಸಿವನ್ನು ಬಾಯಾರಿಕೆಯೆಂದು ಎಣಿಸಿ ಎಷ್ಟು ವರ್ಷ ಮುಗಿಲನ್ನು ಬೈದದ್ದಾಯಿತೋ!

ಇಷ್ಟೆಲ್ಲ ತೀರ್ಮಾನಗಳು ನಿಂತಿರುವುದು ಒಂದು ಬಟ್ಟೆ ಚೀಲದ ಮಣ್ಣಿನ ಮೇಲೆ. ಒಂದು ಎಕರೆ ಹೊಲದ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೊ ತೂಗುತ್ತದೆ. ಅದರ ಪ್ರತಿನಿಧಿಯಾಗಿ ಪ್ರಯೋಗಾಲಯಕ್ಕೆ ಹೋಗುವುದು ಅರ್ಧ ಕಿಲೊ. ಅಲ್ಲಿ ಒಂದೊಂದು ಪರೀಕ್ಷೆಗೆ ತೆಗೆದುಕೊಳ್ಳುವುದು ಕೆಲವೇ ಗ್ರಾಂ. ಆದ್ದರಿಂದ ಯಂತ್ರ ಎಷ್ಟೇ ನಿಖರವಾಗಿದ್ದರೂ ಮಾದರಿ ತಪ್ಪಿದರೆ ಎಲ್ಲ ತಪ್ಪಿತು. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಹದಿನೈದು ಇಪ್ಪತ್ತು ಕಡೆ ಅರ್ಧ ಅಡಿಯ ಗುಣಿ ತೋಡಿ, ಗೋಡೆಯಿಂದ ಒಂದೇ ದಪ್ಪದ ಹೋಳು ಕೆರೆದು, ಎಲ್ಲವನ್ನೂ ಬೆರೆಸಬೇಕು. ಬೆರೆಸಿದ್ದನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತ ಅರ್ಧ ಕಿಲೊಗೆ ಇಳಿಸಬೇಕು. ಬದುವಿನ ಪಕ್ಕ, ಗಿಡದ ನೆರಳು, ತಿಪ್ಪೆ ಹಾಕಿದ ಜಾಗ, ಕುರಿ ನಿಲ್ಲಿಸಿದ ಜಾಗ ಬಿಡಬೇಕು. ಮಣ್ಣನ್ನು ನೆರಳಲ್ಲಿ ಒಣಗಿಸಬೇಕು. ರಸಗೊಬ್ಬರದ ಹಳೇ ಚೀಲದಲ್ಲಿ ತುಂಬಬಾರದು ಎಂಬುದು ಯಾರಿಗೂ ಹೊಳೆಯುತ್ತದೆ. ಆದರೆ ತಗಡಿನ ಬಕೆಟ್ಟಿನಲ್ಲಿ ಬೆರೆಸಬಾರದು ಎಂಬುದು? ತುಕ್ಕು ಹಿಡಿಯದಿರಲೆಂದು ಆ ತಗಡಿಗೆ ಬಳಿದಿರುವುದು ಸತುವನ್ನೇ. ಸತುವಿಲ್ಲದೆ ಸೊರಗಿದ ಹೊಲಕ್ಕೆ ಸತು ಧಾರಾಳವಾಗಿದೆ ಎಂಬ ಚೀಟಿ ಬರಲು ಅಷ್ಟೇ ಸಾಕು. ಬೋರಾನ್‌ ಪರೀಕ್ಷೆಯಲ್ಲಿ ಪ್ರಯೋಗಾಲಯದ ಗಾಜಿನ ಪಾತ್ರೆಯನ್ನೂ ನಂಬುವಂತಿಲ್ಲ, ಆ ಗಾಜಿನಲ್ಲಿಯೇ ಬೋರಾನ್‌ ಇರುತ್ತದೆ.

ಭೂಚೇತನದ ಅನುಭವದ ನಂತರ ಇಡೀ ದೇಶಕ್ಕೆ ಮಣ್ಣು ಆರೋಗ್ಯ ಚೀಟಿ ಬಂತು. 2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ರಸಸಾರ, ಉಪ್ಪಿನಂಶ, ಸಾವಯವ ಇಂಗಾಲದಿಂದ ಹಿಡಿದು ಬೋರಾನ್‌ವರೆಗೆ ಹನ್ನೆರಡು ಅಳತೆಗಳು. ಉದ್ದೇಶ ದೊಡ್ಡದು, ಕೆಲಸವೂ ದೊಡ್ಡದು. ಆದರೆ ಮಾದರಿ ತೆಗೆಯಲು ಇಟ್ಟುಕೊಂಡ ಚೌಕದ ಅಳತೆಯಲ್ಲಿ ಒಂದು ವಿಪರ್ಯಾಸವಿತ್ತು. ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರಿಗೊಂದು ಮಾದರಿ, ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೊಂದು. ಎಂದರೆ 25 ಎಕರೆಗೆ ಒಂದು ಚೀಲ. ವರ್ಷಾನುಗಟ್ಟಲೆ ಒಂದೇ ನೀರು ಹರಿದು ಸಮತಟ್ಟಾದ ಗದ್ದೆಗಳಲ್ಲಿ ಮಣ್ಣು ಅಷ್ಟಿಷ್ಟು ಒಂದೇ ತೆರನಾಗಿರುತ್ತದೆ. ಒಣ ಸೀಮೆಯಲ್ಲಿ ಹಾಗಲ್ಲ. ದಿಬ್ಬದ ಮೇಲೆ ಮಡ್ಡಿ, ಇಳಿಜಾರಿನಲ್ಲಿ ಮಸಾರಿ, ಹಳ್ಳದ ದಂಡೆಗೆ ಎರೆ, ಅದರ ತುದಿಗೆ ಸವಳು, ಇವೆಲ್ಲ ಕೂಗಳತೆಯಲ್ಲಿ ಬಂದುಬಿಡುತ್ತವೆ. ನಾಲ್ಕೈದು ರೈತರ ನಾಲ್ಕು ಬಗೆಯ ನೆಲಕ್ಕೆ ಒಂದೇ ಅಂಕಿ ಬರೆದುಕೊಟ್ಟರೆ ಅದು ಯಾರ ಹೊಲದ್ದೂ ಅಲ್ಲದ ಸರಾಸರಿ. ಚೀಟಿ ಕೈಗೆ ಬಂದಾಗ ತನ್ನ ಹೊಲದ ಮಣ್ಣನ್ನು ಯಾರೂ ಬಂದು ತೆಗೆದದ್ದೇ ಇಲ್ಲವಲ್ಲ ಎಂದು ರೈತ ಕೇಳಿದರೆ ಅದು ತಕರಾರಲ್ಲ, ಸರಿಯಾದ ವೈಜ್ಞಾನಿಕ ಪ್ರಶ್ನೆ. ಎರೆ–ಮಸಾರಿ ಎಂದು ಬೇರೆ ಮಾಡಿದ ಹಳೆಯ ಕಣ್ಣನ್ನು ಮಾದರಿಯ ಗಡಿ ಗುರುತಿಸಲು ಬಳಸಿಕೊಂಡಿದ್ದರೆ ಆ ಪ್ರಶ್ನೆ ಏಳುತ್ತಿರಲಿಲ್ಲ.

ಚೀಟಿಯ ಭಾಷೆಯೂ ತುಸು ದೂರದ್ದೇ. ಅದು ಹೆಕ್ಟೇರಿಗೆ ಇಷ್ಟು ಕಿಲೊ ಎನ್ನುತ್ತದೆ, ರೈತ ಎಕರೆಗೆ ಎಷ್ಟು ಚೀಲ ಎನ್ನುತ್ತಾನೆ. ಈ ಅಂತರ ದಾಟಿಸಲೆಂದೇ ಭೂಚೇತನದಲ್ಲಿ ಊರಿನವರನ್ನೇ ಅನುವುಗಾರರನ್ನಾಗಿ ನೇಮಿಸಿ, ಹಳ್ಳಿಯ ಗೋಡೆಗಳ ಮೇಲೆ ಫಲಿತಾಂಶ ಬರೆಸಿದ್ದರು. ಇನ್ನು ಅಂಗಡಿಯ ಬೆಲೆ ಬೇರೆ ಮಾತಾಡುತ್ತದೆ. 2010ರಲ್ಲಿ ಕೇಂದ್ರ ಸರ್ಕಾರ ಪೋಷಕಾಂಶದ ಆಧಾರದ ಮೇಲೆ ಸಹಾಯಧನ ಕೊಡುವ ಪದ್ಧತಿ ತಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟಿತು. ಡಿಎಪಿ, ಪೊಟ್ಯಾಷ್‌ಗಳ ದರ ಏರಿತು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ಚೀಟಿ ಏನೇ ಹೇಳಲಿ, ಕೈಗೆಟುಕುವುದು ಯೂರಿಯಾ. ಅದನ್ನು ಹಾಕಿದ ವಾರದೊಳಗೆ ಬೆಳೆ ಕಡುಹಸಿರಾಗುತ್ತದೆ, ಕಣ್ಣಿಗೆ ಹಬ್ಬ. ಸತು, ಬೋರಾನ್‌ ಹಾಗೆ ಕಣ್ಣಿಗೆ ಕಾಣುವುದಿಲ್ಲ, ರಾಶಿಯಲ್ಲಿ ಕಾಣುತ್ತವೆ.

ಚೀಲದಲ್ಲಿ ತಂದು ತುಂಬಲಾಗದ ಕೊರತೆಯೆಂದರೆ ಸಾವಯವ ಇಂಗಾಲದ್ದು. ಶೇಕಡಾ 0.3 ಇರುವುದನ್ನು 0.5ಕ್ಕೆ ಏರಿಸುವುದು ಎಂದರೆ ಹೆಕ್ಟೇರಿನ ಮೇಲ್ಮಣ್ಣಿನಲ್ಲಿ ಸುಮಾರು ನಾಲ್ಕೂವರೆ ಟನ್‌ ಇಂಗಾಲ ಉಳಿಯಬೇಕು. ಹಾಕಿದ ತಿಪ್ಪೆ ಗೊಬ್ಬರದಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ಕರಗಿಹೋಗುವ ಈ ಹವೆಯಲ್ಲಿ ಅದು ವರ್ಷಗಳ ಕೆಲಸ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದು ಬಂದ ಒಣಬೇಸಾಯದ ರಾಗಿ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಬರೀ ರಸಗೊಬ್ಬರದ ತಾಕಿನಲ್ಲಿ ಇಳುವರಿ ಕಾಲಕ್ರಮದಲ್ಲಿ ಸೋತಿತು. ಹೆಕ್ಟೇರಿಗೆ 10 ಟನ್‌ ಕೊಟ್ಟಿಗೆ ಗೊಬ್ಬರದ ಜೊತೆಗೆ ರಸಗೊಬ್ಬರವನ್ನೂ ಕೊಟ್ಟ ತಾಕು ದಶಕಗಳವರೆಗೆ ನಿಂತಿತು. ಕೆಂಪು ಮಣ್ಣಿನ ಪ್ರಯೋಗವಾದರೂ ಎರೆಗೂ ಸಲ್ಲುವ ಮಾತೇ.

10 ಟನ್‌ ಗೊಬ್ಬರ ತರುವುದೆಲ್ಲಿಂದ? ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್‌ ಬಂದ ಮನೆಯ ತಿಪ್ಪೆ ಕುಗ್ಗಿದೆ. ಜೋಳದ ದಂಟು ಹೊಲಕ್ಕೆ ಮರಳುವುದಿಲ್ಲ, ಅದು ದನದ ಮೇವು. ಬೇಸಿಗೆಯಲ್ಲಿ ಕೆರೆ ಒಣಗಿದ ಊರುಗಳಲ್ಲಿ ಹೂಳು ಹೇರಿಕೊಂಡು ಬರುವವರಿದ್ದಾರೆ, ಹಳೆ ಮೈಸೂರು ಕಡೆ ಅದನ್ನೇ ಕೆರೆಗೋಡು ಎನ್ನುತ್ತಾರೆ. ಮಳೆಯಲ್ಲಿ ಇಳಿಜಾರಿನಿಂದ ಕೊಚ್ಚಿಹೋದ ತಮ್ಮದೇ ಹೊಲಗಳ ಮೇಲ್ಮಣ್ಣು ಅದು. ಇನ್ನು ಕುರಿ. ಬೆಳಗಾವಿ, ಬಾಗಲಕೋಟೆ ಕಡೆಯ ಕುರುಬರು ಮಂದೆ ಹೊಡೆದುಕೊಂಡು ಸುಗ್ಗಿಯ ನಂತರ ಬಯಲಿಗೆ ಇಳಿಯುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ಅಲ್ಲೇ ಬೀಳುತ್ತವೆ, ಗಾಡಿಯ ಖರ್ಚಿಲ್ಲ, ಹರವುವ ಕೂಲಿಯಿಲ್ಲ. ಅದಕ್ಕೆ ಕುರುಬರಿಗೆ ಕಾಳೋ ದುಡ್ಡೋ ಕೊಡುವ ಪದ್ಧತಿ ಮಣ್ಣು ಪರೀಕ್ಷೆಯ ಕಾಗದ ಹುಟ್ಟುವುದಕ್ಕಿಂತ ಬಹಳ ಹಿಂದಿನದು. ಮಂದೆ ಎಷ್ಟು ದೊಡ್ಡದು, ಎಷ್ಟು ರಾತ್ರಿ ನಿಲ್ಲಬೇಕು, ಯಾರ ಹೊಲದ ಸರದಿ ಮೊದಲು ಎಂಬ ಚೌಕಾಸಿ ಇಂದಿಗೂ ಊರ ಕಟ್ಟೆಯ ಮೇಲೆ ನಡೆಯುತ್ತದೆ.